ಸಣ್ಣಕ್ಕನ ದಪ್ಪ ಗೆರೆ

ಸಣ್ಣಕ್ಕ ಎಂಬ ಹೆಸರು ಕೇಳಿ ಯಾರೋ ಸಣಕಲು ಹೆಂಗಸನ್ನು ಹುಡುಕಿಕೊಂಡು ಬಂದವರು ಅಂಗಡಿಯ ಬಾಗಿಲಲ್ಲೇ ತಬ್ಬಿಬ್ಬಾಗುತ್ತಿದ್ದರು. ಅವಳು ಎದ್ದು ನಿಂತರೆ ಬಾಗಿಲು ತುಂಬುತ್ತಿತ್ತು. ಇನ್ನು ಬೀದಿಯವರೆಲ್ಲ ದಪ್ಪಣ್ಣ ಎಂದು ಕರೆಯುತ್ತಿದ್ದ ಅವಳ ಅಣ್ಣನನ್ನು ಅಂಗಿಯೊಳಗೆ ಎಲ್ಲಿದ್ದಾನೆ ಎಂದು ಹುಡುಕಬೇಕು. ಈ ಹೆಸರುಗಳು ಮೈ ನೋಡಿ ಇಟ್ಟವಲ್ಲ, ಕೈ ನೋಡಿ ಇಟ್ಟವು. ಅಂಗಡಿಗಳ ಗಾಜಿನ ಮೇಲೆ ಹೆಸರು ಬರೆಯುವುದು ಆ ಅಣ್ಣ ತಂಗಿಯ ಕಸುಬು. ಅಕ್ಷರದ ದಪ್ಪ ಗೆರೆಗಳನ್ನೆಲ್ಲ ಅಣ್ಣ ಎಳೆಯುತ್ತಿದ್ದ, ಸಣ್ಣ ಗೆರೆಗಳನ್ನೆಲ್ಲ ತಂಗಿ ಎಳೆಯುತ್ತಿದ್ದಳು. ಅಪ್ಪನ ಕಾಲದಿಂದ ಹಾಗೇ ನಡೆದುಕೊಂಡು ಬಂದಿತ್ತು.

ಬೇರೆ ಪೇಂಟರುಗಳು ಕೇಳಿದವರಿಗೆ ಕೇಳಿದ ಬಗೆಯ ಅಕ್ಷರ ಬರೆದುಕೊಡುತ್ತಿದ್ದರು. ಇವರ ಅಂಗಡಿಯಲ್ಲಿ ಸಿಗುತ್ತಿದ್ದದ್ದು ಒಂದೇ ಬಗೆಯ ಇಂಗ್ಲಿಷ್ ಅಕ್ಷರ. ನೀವೂ ಅದನ್ನು ನೋಡಿಯೇ ಇರುತ್ತೀರಿ, ಸುಗಂಧದ ಶೀಸೆಯ ಮೇಲೆ, ಹಳೆಯ ಪುಸ್ತಕಗಳ ಮೊದಲ ಪುಟದಲ್ಲಿ, ಒಡವೆ ಅಂಗಡಿಯ ಬಾಗಿಲ ನೆತ್ತಿಯಲ್ಲಿ. ನಿಂತ ಕಾಲುಗಳು ಕಂಬದಷ್ಟು ದಪ್ಪ, ಅವನ್ನು ಕೂಡಿಸುವ ಅಡ್ಡಗೆರೆಗಳು ಕೂದಲೆಳೆಯಷ್ಟು ಸಣ್ಣ. ಕಾಲಿನ ಬುಡಕ್ಕೆ ಅಷ್ಟೇ ಸಣ್ಣದೊಂದು ನೇರವಾದ ಪಾದ. ದಪ್ಪದಿಂದ ಸಣ್ಣಕ್ಕೆ ಬರುವಾಗ ನಡುವೆ ಯಾವ ಸಮಜಾಯಿಷಿಯೂ ಇಲ್ಲ. ಒಂದು ಮುಗಿದಲ್ಲೇ ಇನ್ನೊಂದು ಶುರು. ಗುಂಡಗಿನ ಅಕ್ಷರಗಳಾದರೆ ಎರಡೂ ಪಕ್ಕೆಯಲ್ಲಿ ಉಬ್ಬಿ, ನೆತ್ತಿಗೂ ಅಡಿಗೂ ಬರುವಷ್ಟರಲ್ಲಿ ಇದೆಯೋ ಇಲ್ಲವೋ ಎನ್ನುವಷ್ಟು ತೆಳುವಾಗುತ್ತವೆ. ಅಚ್ಚಿನ ಮನೆಯವರು ಇದಕ್ಕೆ ಏನೇನೋ ಹೆಸರು ಹೇಳುತ್ತಾರೆ. ಅಪ್ಪ ಮಾತ್ರ ಇಸ್ತ್ರಿ ಅಕ್ಷರ ಎನ್ನುತ್ತಿದ್ದ. ಬೇರೆ ಅಕ್ಷರಗಳೆಲ್ಲ ಮನೆಯಲ್ಲಿ ಉಟ್ಟ ಬಟ್ಟೆಯಲ್ಲೇ ಬೀದಿಗೆ ಬಂದವು, ಇದೊಂದು ಇಸ್ತ್ರಿ ಹಾಕಿಕೊಂಡು ಬಂದದ್ದು ಎಂಬುದು ಅವನ ಲೆಕ್ಕ.

ಇಸ್ತ್ರಿ ಅಕ್ಷರವನ್ನು ಎಲ್ಲೆಂದರಲ್ಲಿ ಬರೆಯಲು ಅಪ್ಪ ಒಪ್ಪುತ್ತಿರಲಿಲ್ಲ. ಒಡವೆಯವರು, ದರ್ಜಿಗಳು, ಕನ್ನಡಕದವರು, ಹೋಟೆಲುಗಳು, ಇವರಿಗೆಲ್ಲ ಸರಿ. ಒಮ್ಮೆ ಬಸ್ಸಿನ ಮಾಲೀಕನೊಬ್ಬ ಬಂದು, ತನ್ನ ಬಸ್ಸುಗಳ ಹಣೆಯ ಮೇಲೆ ಊರಿನ ಹೆಸರುಗಳನ್ನು ಇದೇ ಅಕ್ಷರದಲ್ಲಿ ಬರೆಯಬೇಕೆಂದು ಹಟ ಹಿಡಿದ. ಓಡುವ ಗಾಡಿಗೆ ಇದು ಆಗಿಬರುವುದಿಲ್ಲ ಎಂದು ಅಪ್ಪ ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಬರೆದುಕೊಟ್ಟದ್ದಾಯಿತು. ಬಸ್ಸು ಹೊರಟದ್ದೇ ತಡ, ಸಣ್ಣ ಗೆರೆಗಳೆಲ್ಲ ಧೂಳಿನಲ್ಲಿ ಮಾಯವಾಗಿ, ನಿಲ್ದಾಣದಲ್ಲಿ ನಿಂತವರಿಗೆ ಬರೀ ಬೇಲಿಯ ಗೂಟಗಳು ಕಂಡವು. ಯಾವ ಬಸ್ಸು ನೋಡಿದರೂ ಅದೇ ಬೇಲಿ. ಆಸ್ಪತ್ರೆಗೆ ಹೊರಟಿದ್ದ ಮುದುಕರೊಬ್ಬರು ಇಟ್ಟಿಗೆ ಗೂಡಿನ ಮುಂದೆ ಇಳಿದು, ಡಾಕ್ಟರ್ ಎಲ್ಲಿ ಎಂದು ಕೇಳಿದರಂತೆ. ಆಮೇಲೆ ಮಾಲೀಕ ಈ ಬೀದಿಯಲ್ಲಿ ತಲೆಹಾಕಲಿಲ್ಲ.

ಕೆಲಸ ಹಂಚಿದವನೂ ಅಪ್ಪನೇ. ಮಗನ ಕೈಗೆ ಅಗಲವಾದ ಚಪ್ಪಟೆ ಬ್ರಷ್ ಕೊಟ್ಟ, ಮಗಳ ಕೈಗೆ ಉದ್ದ ಕೂದಲಿನ ಸಣ್ಣ ಬ್ರಷ್ ಕೊಟ್ಟ. ಎರಡನ್ನೂ ಹಿಡಿದರೆ ಕೈ ಕೆಡುತ್ತದೆ ಎಂದು ಅವನು ನಂಬಿದ್ದ. ದಪ್ಪಕ್ಕೆ ಒಗ್ಗಿದ ಕೈ ಸಣ್ಣ ಗೆರೆಯಲ್ಲಿ ಒರಟಾಗುತ್ತದೆ, ಸಣ್ಣಕ್ಕೆ ಒಗ್ಗಿದ ಕೈ ದಪ್ಪದ ಮುಂದೆ ಹಿಂಜರಿಯುತ್ತದೆ ಎಂದು ಮಕ್ಕಳಿಗೂ ಹೇಳಿ ಹೇಳಿ ನಂಬಿಸಿದ. ಮಕ್ಕಳು ಕೂದಲು ನರೆಯುವವರೆಗೂ ಆ ಮಾತನ್ನು ಮೀರಲಿಲ್ಲ. ಸಣ್ಣಕ್ಕ ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ, "ಆಗ್ಬೇಕು ಅನ್ನಿಸ್ಲಿಲ್ಲ, ಅದಕ್ಕೇ" ಎನ್ನುತ್ತಿದ್ದಳು. ಅದರಾಚೆ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅಣ್ಣ ಅತ್ತಿಗೆಯ ಮನೆಯ ಹಿಂದಿನ ಕೋಣೆ ಅವಳದು, ಮುಂದಿನ ಕೋಣೆ ಅಂಗಡಿ.

ಗಾಜಿನ ಮೇಲೆ ಬರೆಯುವವರು ಒಳಗೆ ನಿಂತು, ತಿರುವುಮುರುವಾಗಿ ಬರೆಯುತ್ತಾರೆ. ಹೊರಗಿನಿಂದ ನೋಡುವವರಿಗೆ ಆಗ ಅಕ್ಷರ ನೇರ ಕಾಣುತ್ತದೆ, ಮಳೆ ಬಿಸಿಲು ಬಣ್ಣವನ್ನು ಮುಟ್ಟುವುದಿಲ್ಲ. ಮೊದಲು ಅಣ್ಣ ಹೊರಗಿನಿಂದ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಒಳಗೆ ಹೋಗಿ ದಪ್ಪ ಕಾಲುಗಳನ್ನು ಒಂದೇ ಎಳೆತಕ್ಕೆ ಎಳೆದು, ಕೈ ಒರೆಸಿಕೊಳ್ಳುತ್ತಾ ಬೀದಿಗೆ ಬರುತ್ತಿದ್ದ. ಅಂಗಡಿಯವನು ಅವನ ಭುಜ ತಟ್ಟಿ ಚಹಾ ತರಿಸುತ್ತಿದ್ದ. ಅವರಿಬ್ಬರೂ ಚಹಾ ಕುಡಿಯುವ ಹೊತ್ತಿಗೆ ಸಣ್ಣಕ್ಕ ಒಳಗೆ ಹೋಗಿ, ಕಂಬಗಳ ಹಾಗೆ ನಿಂತಿದ್ದ ಆ ಕಾಲುಗಳನ್ನು ತನ್ನ ಕೂದಲೆಳೆಗಳಿಂದ ಜೋಡಿಸಿ ಅಕ್ಷರ ಮಾಡುತ್ತಿದ್ದಳು. ಅವಳಿಗೆ ಸಿಗುತ್ತಿದ್ದ ಮಾತು ಒಂದೇ. "ಓಹೋ, ತಂಗೀನೂ ಸಹಾಯ ಮಾಡ್ತಾರಾ? ಒಳ್ಳೇದು, ಒಳ್ಳೇದು."

ಸಣ್ಣಕ್ಕ ಬಾಯಿ ಸತ್ತವಳೇನಲ್ಲ. ತೂಕದಲ್ಲಿ ಮೋಸ ಮಾಡಿದ ತರಕಾರಿಯವನನ್ನು ಬೀದಿ ತುದಿಯವರೆಗೂ ಅಟ್ಟಿಸಿಕೊಂಡು ಹೋದವಳು. ಈ ಒಂದು ಮಾತಿಗೆ ಮಾತ್ರ ಅವಳ ಬಾಯಿ ಕಟ್ಟುತ್ತಿತ್ತು. ಕಾರಣ, ಅದರಲ್ಲಿ ಅರ್ಧ ನಿಜವಿತ್ತು. ಸಣ್ಣ ಗೆರೆ ತಾನಾಗಿ ನಿಲ್ಲುವುದಿಲ್ಲ, ದಪ್ಪ ಕಾಲಿಗೆ ಆತುಕೊಂಡೇ ಇರಬೇಕು. ಅಕ್ಷರಕ್ಕೂ ಅಕ್ಷರಕ್ಕೂ ನಡುವೆ ಎಷ್ಟು ಜಾಗ ಬಿಡಬೇಕು ಎಂದು ನಿಶ್ಚಯಿಸುವವನು ದಪ್ಪ ಎಳೆಯುವವನೇ. ಅಣ್ಣನ ಗುರುತು ಎಷ್ಟೋ ಸಲ ತಪ್ಪುತ್ತಿತ್ತು. ಗುಂಡು ಅಕ್ಷರದ ಪಕ್ಕ ಅವನು ಜಾಗ ಜಾಸ್ತಿ ಬಿಡುತ್ತಿದ್ದ. ಅವಳು ತನ್ನ ಗೆರೆಗಳನ್ನು ಚೂರು ಹಿಗ್ಗಿಸಿ, ಪಾದಗಳನ್ನು ಚೂರು ಚಾಚಿ, ಯಾರಿಗೂ ಕಾಣದ ಹಾಗೆ ಸರಿಮಾಡುತ್ತಿದ್ದಳು. ಸರಿಮಾಡಿದ ಮೇಲೆ ಅದೂ ಅಣ್ಣನ ಕೈಚಳಕವೇ ಆಗುತ್ತಿತ್ತು. ಇದು ಅವಳ ಹೊಟ್ಟೆಯಲ್ಲಿ ಎಷ್ಟು ಉರಿಯುತ್ತಿತ್ತು ಎಂದು ಅತ್ತಿಗೆಗೆ ಮಾತ್ರ ಗೊತ್ತಿತ್ತು.

ಹೀಗಿರುವಾಗ ಊರಿನ ಹಳೆಯ ರಂಗಮಂದಿರವನ್ನು ಹೊಸದಾಗಿ ಕಟ್ಟಿದರು. ಮುಂಭಾಗದಲ್ಲಿ ಗೋಡೆಯ ಬದಲು ಗಾಜು. ಅದರ ಉದ್ದಕ್ಕೂ ರಂಗಮಂದಿರದ ಹೆಸರನ್ನು ಇಸ್ತ್ರಿ ಅಕ್ಷರದಲ್ಲೇ, ಒಂದೊಂದು ಅಕ್ಷರ ಎದೆಮಟ್ಟ ಬರುವ ಹಾಗೆ ಬರೆಯಬೇಕು ಎಂದು ಅಲ್ಲಿಯ ಮ್ಯಾನೇಜರ್ ಖುದ್ದಾಗಿ ಬಂದು ಹೇಳಿ ಹೋದರು. ಅಷ್ಟು ದೊಡ್ಡ ಕೆಲಸ ಅಪ್ಪನ ಕಾಲದಲ್ಲೂ ಬಂದಿರಲಿಲ್ಲ. ಈಗೀಗ ಕಂಪ್ಯೂಟರಿನಲ್ಲಿ ಕತ್ತರಿಸಿದ ಸ್ಟಿಕ್ಕರ್ ಅಂಟಿಸುವ ಅಂಗಡಿಗಳು ತಲೆಯೆತ್ತಿ, ಕೈಯಲ್ಲಿ ಬರೆಯುವವರನ್ನು ಕೇಳುವವರೇ ಕಡಿಮೆಯಾಗಿದ್ದರು. ಊರಿಗೆ ಊರೇ ನೋಡುವ ಆ ಗಾಜಿನ ಮೇಲೆ ಒಮ್ಮೆ ಹೆಸರು ನಿಂತಿತೆಂದರೆ ಇನ್ನಷ್ಟು ಕಾಲ ಅಂಗಡಿ ನಡೆಯುತ್ತದೆ ಎಂದು ಮೂವರೂ ಹಿಗ್ಗಿದರು. ಅಣ್ಣ ಹೋಗಿ ಗಾಜಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿ ಬಂದ. ಮಾರನೆಯ ದಿನ ಬೆಳಗ್ಗೆ ಅಂಗಿ ತೊಡಲು ಬಲಗೈ ಎತ್ತಿದರೆ ಕೈ ಮೇಲೇಳಲಿಲ್ಲ.

ಭುಜ ಬಿಗಿದುಕೊಂಡಿದೆ, ತಾನಾಗೇ ಸಡಿಲವಾಗಬೇಕು, ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ ಎಂದರು ಡಾಕ್ಟರ್. ಕೈಯನ್ನು ಕುತ್ತಿಗೆಗೆ ಕಟ್ಟಿಕೊಂಡು ಮನೆಗೆ ಬಂದ ಅಣ್ಣ ಕುರ್ಚಿಯಲ್ಲಿ ಕೂತು ಹೇಳಿದ:

"ಮ್ಯಾನೇಜರಿಗೆ ಹೇಳಿಬಿಡ್ತೀನಿ. ಸ್ಟಿಕ್ಕರಿನವರಿಗೇ ಕೊಡ್ಲಿ."

"ಯಾಕೆ? ನಾನು ಸತ್ತೋಗಿದೀನಾ?" ಎಂದಳು ಸಣ್ಣಕ್ಕ.

"ನಿನ್ನ ಸಣ್ಣ ಗೆರೆ ಯಾವುದಕ್ಕೆ ಅಂಟಿಸ್ತೀಯ? ಗಾಳಿಗಾ?"

"ದಪ್ಪಾನೂ ನಾನೇ ಎಳೀತೀನಿ."

ಅಣ್ಣ ನಗಲಿಲ್ಲ. ನಕ್ಕಿದ್ದರೆ ಅವಳಿಗೆ ಅಷ್ಟು ನೋಯುತ್ತಿರಲಿಲ್ಲ. ಅವನು ಸಮಾಧಾನ ಮಾಡುವ ದನಿಯಲ್ಲಿ, "ನಿನಗೆ ಬರೋದು ಅರ್ಧ ಅಕ್ಷರ, ಸಣ್ಣಿ. ಅರ್ಧ ಅಕ್ಷರ ಬರೆದು ಇಡೀ ಊರಿನ ಮುಂದೆ ಮರ್ಯಾದೆ ಯಾಕೆ ಕಳ್ಕೋತೀಯ?" ಎಂದ.

ಆ ಮಾತು ಅವಳಿಗೆ ನಾಟಿತು. ಇಷ್ಟು ವರ್ಷ ಬೇರೆಯವರು ಅಂದದ್ದನ್ನು ಈಗ ಮನೆಯವನೇ ಅಂದಂತಾಯಿತು. ಈ ಕೆಲಸ ಕೈಬಿಟ್ಟರೆ ತಾನು ಸಾಯುವವರೆಗೂ ಅರ್ಧ ಅಕ್ಷರದವಳೇ ಎಂದು ಅವಳಿಗೆ ಖಚಿತವಾಯಿತು. "ಮ್ಯಾನೇಜರಿಗೆ ಈಗಲೇ ಏನೂ ಹೇಳ್ಬೇಡ. ಈ ವಾರ ಪೂರ್ತಿ ನನಗೆ ಬಿಡು," ಎಂದವಳೇ ಗೂಟದಲ್ಲಿ ನೇತುಹಾಕಿದ್ದ ಅಣ್ಣನ ಅಗಲದ ಬ್ರಷ್ ತೆಗೆದುಕೊಂಡು ಅಡುಗೆಮನೆಗೆ ಹೋದಳು.

ಮನೆಯಲ್ಲಿ ದೊಡ್ಡ ಗಾಜು ಎಂದರೆ ಅಡುಗೆಮನೆಯ ಕಿಟಕಿಯೊಂದೇ. ಅತ್ತಿಗೆ ಒಲೆಯ ಮುಂದೆ ನಿಂತಿದ್ದಳು. ಸಣ್ಣಕ್ಕ ಬ್ರಷ್ ಅದ್ದಿ, ಉಸಿರು ಬಿಗಿಹಿಡಿದು, ಮೇಲಿಂದ ಕೆಳಗೆ ಒಂದು ಕಾಲು ಎಳೆದಳು. ಇನ್ನೊಂದು ಎಳೆದಳು. ಕಿಟಕಿ ತುಂಬುವಷ್ಟು ಎಳೆದು, ತನ್ನ ಸಣ್ಣ ಗೆರೆಗಳನ್ನೂ ಸೇರಿಸಿ, "ಅತ್ತಿಗೆ, ಅಂಗಳಕ್ಕೆ ಹೋಗಿ ನೋಡಿ ಹೇಗಿದೆ ಹೇಳಿ," ಎಂದಳು.

ಅತ್ತಿಗೆ ಅಂಗಳದ ತುದಿಗೆ ಹೋಗಿ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. "ಯಾರಿಗೋ ಜ್ವರ ಬಂದು ಎದ್ದ ಹಾಗಿದೆ," ಎಂದು ಅಲ್ಲಿಂದಲೇ ಕೂಗಿದಳು.

ಸಣ್ಣಕ್ಕ ಹೊರಗೆ ಬಂದು ನೋಡಿದಳು. ನಿಜ. ದಪ್ಪ ಗೆರೆ ದಪ್ಪವಾಗಿರಲಿಲ್ಲ. ಬ್ರಷ್ ಅಗಲವಾಗಿದ್ದರೂ ಅವಳ ಕೈ ಅದನ್ನು ಒತ್ತದೆ, ತುದಿಯಲ್ಲಿ ಮಾತ್ರ ಸವರಿ ಬಂದಿತ್ತು. ಇಡೀ ಆಯುಷ್ಯ ಸಣ್ಣಗೆ, ಇನ್ನೂ ಸಣ್ಣಗೆ ಎಂದು ಕಲಿತ ಕೈ ಅದು. ಇಸ್ತ್ರಿ ಅಕ್ಷರದ ಗಮ್ಮತ್ತೆಲ್ಲ ಇರುವುದು ದಪ್ಪಕ್ಕೂ ಸಣ್ಣಕ್ಕೂ ಇರುವ ಅಂತರದಲ್ಲಿ. ದಪ್ಪ ಸೊರಗಿತೋ, ಸಣ್ಣದರ ನಾಜೂಕೂ ಸತ್ತುಹೋಗುತ್ತದೆ. ಕಿಟಕಿಯ ಮೇಲೆ ಇದ್ದದ್ದು ಯಾವ ಕಡೆಗೂ ಸೇರದ ಎಡಬಿಡಂಗಿ ಅಕ್ಷರ.

ಅವಳು ಒರೆಸಿ ಮತ್ತೆ ಎಳೆದಳು. ಒತ್ತಿದರೆ ಅಂಚು ಕೆದರಿತು, ಒತ್ತದಿದ್ದರೆ ಸೊರಗಿತು. ಮಾರನೆಯ ದಿನವೂ ಅದೇ ಕತೆ, ಅದರ ಮಾರನೆಯ ದಿನವೂ ಅದೇ. ಕಿಟಕಿಗೆ ಬಣ್ಣ ಮೆತ್ತಿಕೊಂಡು ಅಡುಗೆಮನೆಯಲ್ಲಿ ಹಗಲಲ್ಲೂ ದೀಪ ಹಾಕುವ ಹಾಗಾಯಿತು. ಅಣ್ಣ ಎರಡು ಸಲ ಬಾಗಿಲವರೆಗೂ ಬಂದು, ನೋಡಿ, ಏನೂ ಹೇಳದೆ ಹೋದ. ಏನಾದರೂ ಹೇಳಲಿ ಎಂದು ಅವಳು ಕಾಯುತ್ತಿದ್ದಳು. ಬ್ರಷ್ ಹೇಗೆ ವಾಲಿಸಬೇಕು, ಬಣ್ಣ ಎಷ್ಟು ಮಂದ ಇರಬೇಕು, ಒಂದು ಮಾತು ಸಾಕಿತ್ತು. ಅವನ ಬಾಯಿಂದ ಅದು ಬರಲಿಲ್ಲ, ಅವಳೂ ಕೇಳಲಿಲ್ಲ. ಇಬ್ಬರೂ ಅಪ್ಪನ ಮಕ್ಕಳೇ ತಾನೇ.

ತಾಳ್ಮೆ ಮೊದಲು ಕೆಟ್ಟದ್ದು ಅತ್ತಿಗೆಗೆ. ಅಂದು ಅವಳು ಪಾತ್ರೆಗೆ ಉಪ್ಪು ಹಾಕಲು ಹೋಗಿ ಸಕ್ಕರೆ ಹಾಕಿದ್ದಳು, ಮಬ್ಬಿನಲ್ಲಿ ಡಬ್ಬಿಯ ಗುರುತು ಸಿಗದೆ.

"ನನ್ನ ಕಿಟಕಿ ನನಗೆ ವಾಪಸ್ ಕೊಡ್ತೀಯೋ ಇಲ್ವೋ? ಒಂದು ಕೆಲಸ ಮಾಡು. ಆ ಕಡೆ ಒಂದು ಗೆರೆ, ಈ ಕಡೆ ಒಂದು ಗೆರೆ ಎಳೆದು ಕೊಡು. ಮಧ್ಯೆ ನಾನು ಬಳಿದು ಮುಗಿಸ್ತೀನಿ. ಗೋಡೆಗೆ ಸುಣ್ಣ ಬಳಿಯೋಕೆ ನನಗೇನು ಬರಲ್ವಾ?"

ಸಣ್ಣಕ್ಕ ಬೈಯಲು ಬಾಯಿ ತೆರೆದಳು. ಗೆರೆ ಹಾಕಿ ನಡುವೆ ತುಂಬುವುದು ಅವರ ಕಸುಬಿನಲ್ಲಿ ನಾಚಿಕೆಯ ಕೆಲಸ. ಕಾಲು ಎಂದರೆ ಒಂದೇ ಎಳೆತಕ್ಕೆ ಬರಬೇಕು. ತುಂಬುವವರನ್ನು ಅಪ್ಪ "ಗೋಡೆ ಪೇಂಟರುಗಳು" ಎಂದು ಮೂಗು ಮುರಿಯುತ್ತಿದ್ದ. ಬೈಗುಳ ನಾಲಿಗೆಯ ತುದಿಗೆ ಬಂದಿತ್ತು, ಅಷ್ಟರಲ್ಲಿ ಅವಳು ಸುಮ್ಮನಾದಳು. ದಪ್ಪ ಗೆರೆಗೆ ಎರಡು ಅಂಚು ಇರುತ್ತದೆ. ಆ ಅಂಚು ಎಂದರೆ ಏನು? ಸಣ್ಣ ಗೆರೆಯೇ. ನಿಂತ ಸಣ್ಣ ಗೆರೆ. ಸಣ್ಣ ಗೆರೆ ಎಳೆಯುವುದರಲ್ಲಿ ಈ ಊರಲ್ಲಿ ತನ್ನನ್ನು ಮೀರಿಸುವವರು ಯಾರಿದ್ದಾರೆ?

ಅವಳು ಅಣ್ಣನ ಬ್ರಷ್ ಕೆಳಗಿಟ್ಟಳು. ತನ್ನ ಬ್ರಷ್ ತೆಗೆದುಕೊಂಡಳು. ಕೈ ಊರುವ ಕೋಲನ್ನು ಗಾಜಿಗೆ ಒರಗಿಸಿ, ಮೇಲಿಂದ ಕೆಳಗೆ ಒಂದು ಕೂದಲೆಳೆ ಎಳೆದಳು. ಒಂದು ಗೇಣು ಬಿಟ್ಟು ಇನ್ನೊಂದು ಎಳೆದಳು. "ಈಗ ಬಳೀರಿ ಅತ್ತಿಗೆ," ಎಂದಳು. ಅತ್ತಿಗೆ ಸೆರಗು ಸಿಕ್ಕಿಸಿಕೊಂಡು ಬಳಿದಳು. ಇಬ್ಬರೂ ಅಂಗಳಕ್ಕೆ ಓಡಿದರು.

ಕಿಟಕಿಯ ನಡುವೆ ಒಂದು ಕಾಲು ನಿಂತಿತ್ತು. ದಪ್ಪಗೆ, ನೆಟ್ಟಗೆ, ಅಂಚು ಚಾಕುವಿನಲ್ಲಿ ಕೊಯ್ದ ಹಾಗೆ. ಅಣ್ಣನ ಒಂದೇ ಎಳೆತದ ಕಾಲಿಗೆ ಯಾವತ್ತೂ ಅಂಥ ಅಂಚು ಇರಲಿಲ್ಲ; ಕೆಳಕ್ಕೆ ಬರುವಾಗ ಅವನ ಬ್ರಷ್ ಚೂರು ಒಣಗಿ, ಅಂಚು ಚೂರು ಹರಿಯುತ್ತಿತ್ತು. ಸಣ್ಣಕ್ಕನಿಗೆ ಅಳು ಬರುವಷ್ಟು ಖುಷಿಯಾಯಿತು. ಅದರ ಹಿಂದೆಯೇ ಸಿಟ್ಟೂ ಬಂತು. ಇಷ್ಟು ಸುಲಭದ ವಿಷಯವನ್ನು ಇಷ್ಟು ವರ್ಷ ಕೈಯಲ್ಲೇ ಇಟ್ಟುಕೊಂಡು, ನನಗೆ ಬರುವುದಿಲ್ಲ ಎಂದು ನಂಬಿ ಕೂತಿದ್ದೆನಲ್ಲ ಎಂದು.

"ಇದು ಮೋಸ ಅಂತಾನೆ ನಿಮ್ಮಣ್ಣ," ಎಂದಳು ಅತ್ತಿಗೆ, ಮೂಗಿನ ಮೇಲಿನ ಬಣ್ಣ ಒರೆಸಿಕೊಳ್ಳುತ್ತಾ.

"ಅನ್ಲಿ. ಬೀದಿಲಿ ನಿಂತು ನೋಡೋರಿಗೆ ಅಕ್ಷರ ಕಾಣುತ್ತೆ, ಎಷ್ಟು ಸಲ ಕೈ ಆಡಿಸಿದ್ವಿ ಅಂತ ಕಾಣಲ್ಲ."

ರಂಗಮಂದಿರಕ್ಕೆ ಅವರು ಬೆಳಗ್ಗೆ ಬೇಗ ಹೋದರು. ಬಿಸಿಲು ಬಿದ್ದರೆ ಗಾಜು ಕಾದು ಬಣ್ಣ ಎಳೆಯುವಾಗಲೇ ಒಣಗುತ್ತದೆ. ಅಣ್ಣನೂ ಬಂದ. ಬರಬೇಡ ಎಂದರೂ ಬಂದು, ಎದುರಿನ ಬೀದಿಬದಿಯಲ್ಲಿ ಕುರ್ಚಿ ಹಾಕಿಸಿಕೊಂಡು, ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತ. ಸಣ್ಣಕ್ಕ ಒಳಗೆ ಗಾಜಿನ ಹಿಂದೆ ಏಣಿಯ ಮೇಲೆ ನಿಂತಳು. ಅತ್ತಿಗೆ ಕೆಳಗೆ ಬಣ್ಣದ ಡಬ್ಬಿ ಹಿಡಿದು ನಿಂತಳು. ಗಾಜಿನ ಹೊರಗಡೆ ಅಣ್ಣ ಹಾಕಿದ ಸೀಮೆಸುಣ್ಣದ ಗುರುತುಗಳು ಸಾಲಾಗಿ ಇದ್ದವು.

ಅವಳು ಬ್ರಷ್ ಅದ್ದಿದಳು. ಅದ್ದಿದ ಬ್ರಷ್ ಹಿಡಿದುಕೊಂಡೇ ಗುರುತುಗಳನ್ನು ನೋಡಿದಳು. ಎರಡು ಗುಂಡು ಅಕ್ಷರಗಳು ಅಕ್ಕಪಕ್ಕ ಬರುವ ಕಡೆ ಯಾವತ್ತಿನ ತಪ್ಪೇ. ನಡುವೆ ಒಬ್ಬ ಮನುಷ್ಯ ಅಡ್ಡ ನಿಲ್ಲುವಷ್ಟು ಜಾಗ. ಗುಂಡು ಅಕ್ಷರಗಳ ಅಡಿಯೂ ಬೇರೆ ಅಕ್ಷರಗಳ ಪಾದದ ಸಾಲಿಗೇ ಸರಿಯಾಗಿ ನಿಂತಿತ್ತು. ಗುಂಡನೆಯದು ಸಾಲಿಗಿಂತ ಚೂರು ಕೆಳಗಿಳಿದರೆ ಮಾತ್ರ ಕಣ್ಣಿಗೆ ಸಮ ಕಾಣುತ್ತದೆ, ಇಲ್ಲದಿದ್ದರೆ ಗಾಳಿಯಲ್ಲಿ ತೇಲುತ್ತಿರುವ ಹಾಗೆ ಕಾಣುತ್ತದೆ. ಇಷ್ಟು ದೊಡ್ಡ ಗಾಜಿನ ಮೇಲೆ ಇದನ್ನು ಸಣ್ಣ ಗೆರೆ ಹಿಗ್ಗಿಸಿ ಮುಚ್ಚಲು ಆಗುವುದಿಲ್ಲ.

ಸಣ್ಣಕ್ಕ ಏಣಿಯಿಂದ ಇಳಿದಳು. ಒದ್ದೆ ಬಟ್ಟೆ ತೆಗೆದುಕೊಂಡು ಹೊರಗೆ ಬಂದು, ಗುರುತುಗಳನ್ನು ಒರೆಸತೊಡಗಿದಳು.

"ಏಯ್! ಏಯ್! ಏನ್ ಮಾಡ್ತಿದ್ದೀಯ?" ಬೀದಿಯಾಚೆಯಿಂದ ಅಣ್ಣ ಎದ್ದು ನಿಂತು ಕೂಗಿದ. "ಅದು ನನ್ನ ಗುರುತು!"

"ಗೊತ್ತು. ತಪ್ಪಿದೆ."

"ಇಷ್ಟು ವರ್ಷ ನಾನು ಹಾಕಿದ ಗುರುತು ತಪ್ಪಿತ್ತಾ?"

"ಎಲ್ಲಾ ಅಲ್ಲ. ಗುಂಡು ಅಕ್ಷರದ ಹತ್ರ ಮಾತ್ರ. ಯಾವಾಗಲೂ."

ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ಅಣ್ಣನ ಮುಖ ಕೆಂಪೇರಿತು. ಬೀದಿ ದಾಟಿ ಬರಲು ಎರಡು ಹೆಜ್ಜೆ ಇಟ್ಟ, ಕಾರು ಬಂದದ್ದರಿಂದ ಹಿಂದೆ ಸರಿದ, ಮತ್ತೆ ಕುರ್ಚಿಗೆ ಹೋಗಿ ಕೂತ. ಸಣ್ಣಕ್ಕ ಒರೆಸುವುದನ್ನು ನಿಲ್ಲಿಸಲಿಲ್ಲ. ಅಣ್ಣನ ಗುರುತನ್ನು ಅವಳು ಒರೆಸಿದ್ದು ಅದೇ ಮೊದಲು. ಒರೆಸಿದ ಮೇಲೆ ಗಾಜು ಖಾಲಿಯಾಗಿ, ತುಂಬ ದೊಡ್ಡದಾಗಿ ಕಂಡಿತು. ಅವಳು ಸೀಮೆಸುಣ್ಣ ತೆಗೆದುಕೊಂಡು, ಬೀದಿಗೂ ಗಾಜಿಗೂ ಓಡಾಡಿ, ನೋಡಿ, ಒರೆಸಿ, ಮತ್ತೆ ಹಾಕಿ, ತನ್ನ ಗುರುತು ತಾನೇ ಹಾಕಿಕೊಂಡಳು.

ಆಮೇಲೆ ಅವಳಿಗೆ ಬೀದಿ ಕಾಣಲಿಲ್ಲ, ಅಣ್ಣ ಕಾಣಲಿಲ್ಲ. ಕೋಲು ಊರುವುದು, ಎಳೆಯುವುದು, ಕೋಲು ಸರಿಸುವುದು. ಎಡ ಅಂಚು, ಬಲ ಅಂಚು. ಅವಳು ಮುಂದೆ ಹೋದ ಹಾಗೆ ಅತ್ತಿಗೆ ಹಿಂದಿನಿಂದ ತುಂಬುತ್ತಾ ಬಂದಳು. ತುಂಬುವಾಗ ಅಂಚಿನಾಚೆ ಹೋಗದ ಹಾಗೆ ಅತ್ತಿಗೆ ನಾಲಿಗೆ ಹೊರಗೆ ಚಾಚಿ ಬಳಿಯುತ್ತಿದ್ದಳು; ಗಾಜಿನಾಚೆ ನಿಂತ ಜನ ಅಕ್ಷರಕ್ಕಿಂತ ಆ ನಾಲಿಗೆಯನ್ನೇ ನೋಡಿ ನಕ್ಕರು. ದಪ್ಪಗಳೆಲ್ಲ ಒಣಗಿದ ಮೇಲೆ ಸಣ್ಣಕ್ಕ ಅಡ್ಡಗೆರೆಗಳನ್ನು ಎಳೆದಳು, ಪಾದಗಳನ್ನು ಕೂರಿಸಿದಳು. ಅದು ಅವಳಿಗೆ ಹಳೆಯ ಕೆಲಸ. ಆದರೆ ಈ ಸಲ ಎಲ್ಲಿಯೂ ಗೆರೆಯನ್ನು ಹಿಗ್ಗಿಸಿ ಯಾರ ತಪ್ಪನ್ನೂ ಮುಚ್ಚಬೇಕಾಗಿರಲಿಲ್ಲ. ಕೈ ತಾನಾಗಿ ಹೋಯಿತು.

ಮುಗಿದ ಮೇಲೆ ಅವಳು ಬೀದಿ ದಾಟಿ, ಅಣ್ಣನ ಕುರ್ಚಿಯ ಪಕ್ಕ ನಿಂತು ತಿರುಗಿ ನೋಡಿದಳು. ಹೆಸರು ನಿಂತಿತ್ತು. ಇಸ್ತ್ರಿ ಹಾಕಿಕೊಂಡು, ತಲೆಯೆತ್ತಿಕೊಂಡು, ಒಂದಕ್ಕೊಂದು ತಾಕದೆ, ಒಂದನ್ನೊಂದು ಬಿಟ್ಟೂ ಹೋಗದೆ. ಚೆನ್ನಾಗಿದೆ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಅವಳಿಗೇ ಗೊತ್ತಾಯಿತು. ಅಪ್ಪ ಬರೆದದ್ದೂ ಸೇರಿ, ಆ ಊರಿನ ಗಾಜುಗಳ ಮೇಲೆ ಇದಕ್ಕಿಂತ ಒಳ್ಳೆಯ ಹೆಸರು ಇರಲಿಲ್ಲ.

ರಂಗಮಂದಿರದ ಮ್ಯಾನೇಜರ್ ಓಡೋಡುತ್ತಾ ಬಂದು ಅಣ್ಣನ ಎಡಗೈ ಹಿಡಿದು ಕುಲುಕಿದರು. "ಅದ್ಭುತ ಸ್ವಾಮಿ, ಅದ್ಭುತ! ಕೈಗೆ ಇಷ್ಟು ನೋವಿದ್ರೂ ಕುರ್ಚಿ ಮೇಲೆ ಕೂತು ಹೇಗೆ ಬರೆಸಿದ್ರಿ ನೋಡಿ! ಇದಕ್ಕೇ ನಾನು ನಿಮ್ಮನ್ನೇ ಹಿಡ್ಕೊಂಡಿದ್ದು."

ಅಣ್ಣ ರೂಢಿಯ ಪ್ರಕಾರ ನಕ್ಕ. ಅರ್ಧ ನಕ್ಕ ಮೇಲೆ ತಂಗಿಯ ಮುಖ ನೋಡಿದ. ಏನು ಹೇಳುತ್ತಿದ್ದನೋ ಗೊತ್ತಿಲ್ಲ, ಸಣ್ಣಕ್ಕ ಅದಕ್ಕೆ ಕಾಯಲಿಲ್ಲ.

"ಬರೆಸಿದ್ದಲ್ಲ ಸಾರ್, ಬರೆದದ್ದು. ನಾನು ಬರೆದದ್ದು. ಗುರುತೂ ನಂದು, ದಪ್ಪಾನೂ ನಂದು, ಸಣ್ಣಾನೂ ನಂದು. ತುಂಬಿದ್ದು ನಮ್ಮತ್ತಿಗೆ."

ಮ್ಯಾನೇಜರ್ ಒಮ್ಮೆ ಅವಳನ್ನು, ಒಮ್ಮೆ ಗಾಜನ್ನು ನೋಡಿದರು. ಆಮೇಲೆ ಅಣ್ಣನ ಕೈಬಿಟ್ಟು, ಬಣ್ಣ ಮೆತ್ತಿದ ಅವಳ ಕೈಯನ್ನೇ ಹಿಡಿದು, "ಹಾಗಿದ್ರೆ ತಪ್ಪಾಯ್ತು ಮೇಡಂ. ಒಳಗಿನ ಬಾಗಿಲುಗಳಿಗೂ ನೀವೇ ಬರೀಬೇಕು," ಎಂದರು. ಅವರ ಅಂಗೈಗೂ ಬಣ್ಣವಾಯಿತು. ಅದನ್ನು ಎಲ್ಲಿ ಒರೆಸುವುದೆಂದು ತಿಳಿಯದೆ ಕೈಯನ್ನು ದೂರ ಹಿಡಿದುಕೊಂಡೇ ಒಳಗೆ ಹೋದರು. ಅತ್ತಿಗೆ ಡಬ್ಬಿ ತೊಳೆಯಲು ಅವರ ಹಿಂದೆಯೇ ಹೋದಳು.

ಅಣ್ಣ ಗಾಜನ್ನೇ ನೋಡುತ್ತಿದ್ದ. "ಅಪ್ಪ ನಿನಗೂ ದೊಡ್ಡ ಬ್ರಷ್ ಕೊಡ್ಬೇಕಿತ್ತು," ಎಂದ.

"ಅಪ್ಪ ಹೋಗಿ ಎಷ್ಟು ಕಾಲ ಆಯ್ತು?" ಎಂದಳು ಸಣ್ಣಕ್ಕ. "ನೀನ್ಯಾಕೆ ಕೊಡ್ಲಿಲ್ಲ?"

ಅವನು ಕಟ್ಟಿದ ಕೈಯ ಪಟ್ಟಿಯನ್ನು ಸರಿಮಾಡಿಕೊಂಡ. ಸರಿಯಾಗಿಯೇ ಇತ್ತು ಅದು.

"ಹೆದರಿಕೆ," ಎಂದ. "ನನಗೆ ಸಣ್ಣ ಗೆರೆ ಬರಲ್ಲ, ಸಣ್ಣಿ. ನೀನಿಲ್ದಾಗ ಕದ್ದು ಎಷ್ಟು ಸಲ ಎಳೆದು ನೋಡಿದೀನಿ, ಒಂದೂ ಸರಿಯಾಗ್ಲಿಲ್ಲ. ನಿನಗೆ ದಪ್ಪಾನೂ ಬಂದುಬಿಟ್ರೆ ಆಮೇಲೆ ನಾನು ಯಾತಕ್ಕೆ?"

ಸಣ್ಣಕ್ಕನಿಗೆ ಭುಜ ತಟ್ಟಿಸಿಕೊಂಡು ಅವನು ಕುಡಿದ ಚಹಾಗಳೆಲ್ಲ ನೆನಪಾದವು. ಹಾಗೆಯೇ, ಯಾರೂ ಇಲ್ಲದ ಅಂಗಡಿಯಲ್ಲಿ ತನ್ನ ಸಣ್ಣ ಬ್ರಷ್ ಹಿಡಿದು ಗಾಜಿನ ಮುಂದೆ ಒದ್ದಾಡುತ್ತಿದ್ದ ಅಣ್ಣನೂ ಕಣ್ಣಿಗೆ ಕಟ್ಟಿದ. ಸಿಟ್ಟು ಹೋಗಲಿಲ್ಲ, ಆದರೆ ಅದರ ಜೊತೆಗೇ ಅವನ ಮೇಲೆ ಮರುಕವೂ ಬಂತು.

"ಡಾಕ್ಟರ್ ಬೆರಳು ಆಡಿಸ್ಬೇಡ ಅಂದಿದಾರಾ?" ಎಂದು ಕೇಳಿದಳು.

"ಇಲ್ಲ. ಭುಜ ಎತ್ಬೇಡ ಅಂದ್ರು ಅಷ್ಟೆ."

"ಸಣ್ಣ ಗೆರೆಗೆ ಭುಜ ಬೇಡ. ಮಣಿಕಟ್ಟು ಕೋಲಿನ ಮೇಲೆ ಊರಿ ಬೆರಳಲ್ಲೇ ಎಳೆಯೋದು. ನೀನು ಇಷ್ಟು ದಿನ ಭುಜದಲ್ಲಿ ಎಳೆದಿರ್ತೀಯ, ಅದಕ್ಕೇ ಬಂದಿಲ್ಲ. ನಾಳೆ ಬೆಳಗ್ಗೆ ಬಂದು ಕೂತ್ಕೋ, ಕಲಿಸ್ತೀನಿ. ಒಳಗಿನ ಬಾಗಿಲುಗಳ ಸಣ್ಣ ಗೆರೆ ನಿಂದು."

ಅಣ್ಣ ನಂಬಲಾಗದವನ ಹಾಗೆ ಅವಳ ಮುಖ ನೋಡಿದ. "ನನ್ನ ಮೇಲೆ ಸಿಟ್ಟಿಲ್ವಾ ನಿನಗೆ?"

"ಬೇಕಾದಷ್ಟಿದೆ," ಎಂದಳು ಸಣ್ಣಕ್ಕ. "ಆದ್ರೆ ಗೊತ್ತಿರೋದನ್ನ ಬಾಯ್ಬಿಡದೆ ಬಚ್ಚಿಟ್ಕೊಂಡು ಕೂರೋದು ನನ್ನ ಕೈಲಾಗಲ್ಲ ಅಣ್ಣ. ಆ ಕಸುಬು ನಿನಗೊಬ್ಬನಿಗೇ ಬರೋದು."

ಅಣ್ಣ ತಲೆ ತಗ್ಗಿಸಿದ. ಆಮೇಲೆ ಎದ್ದು, ಎಡಗೈಯಲ್ಲಿ ಅವಳ ಬ್ರಷ್‌ಗಳ ಪೆಟ್ಟಿಗೆ ಎತ್ತಿಕೊಂಡು, ಅವಳ ಹಿಂದೆ ಮನೆಯ ಕಡೆ ನಡೆದ.